ಹಸುಗಳನ್ನು ಕರೆಯುವ ದನಿ

ಯಾವ ಹಾಡು ಊರಿನ ಕಿವಿಗೆ ಬೀಳಬೇಕೆಂದು ನಮ್ಮ ಬಾನುಲಿ ಕೇಂದ್ರದಲ್ಲಿ ಆರಿಸುತ್ತಿದ್ದವಳು ಹಿಲ್ಲೆವಿ. ನಾನು ಪಕ್ಕದ ಕೋಣೆಯಲ್ಲಿ ಸುದ್ದಿ ಓದುತ್ತಿದ್ದೆ. ಅರವತ್ತರ ದಶಕದ ಆರಂಭ. ಸ್ವೀಡನ್ನಿನ ನಮ್ಮ ಕರಾವಳಿಯಲ್ಲಿ ಆಗ ಇದ್ದದ್ದು ಜನರು ಶುಲ್ಕ ಕಟ್ಟಿ ನಡೆಸುವ ಬಾನುಲಿಯೊಂದೇ.

ಒಂದು ವಸಂತದಲ್ಲಿ ದೇಶದ ಗಡಿಯಾಚೆಯ ಕಡಲಿನಲ್ಲಿ ಹಡಗೊಂದು ಲಂಗರು ಹಾಕಿ, ಅಲ್ಲಿಂದಲೇ ಖಾಸಗಿ ಬಾನುಲಿ ಬಿತ್ತರಿಸತೊಡಗಿತು. ಹಗಲಿಡೀ ಕುಣಿಸುವ ಹಾಡು, ನಡುನಡುವೆ ಸೋಪಿನ ಜಾಹೀರಾತು. ಊರಿನ ಕಿಟಕಿಗಳಿಂದ ನಮ್ಮ ಕೇಂದ್ರದ ಪಿಟೀಲಿನ ದನಿ ಮೆಲ್ಲಗೆ ಮಾಯವಾಯಿತು.

ಹಿಲ್ಲೆವಿಯ ಬಳಿ ಒಂದು ಟೇಪ್ ಇತ್ತು. ಕಾಡಿನ ಹುಲ್ಲುಗಾವಲಿನಲ್ಲಿ ಅವಳ ಸೋದರತ್ತೆ ಸಂಜೆ ಹೊತ್ತು ಹಸುಗಳನ್ನು ಕರೆಯುತ್ತ ಹಾಡಿದ್ದು. ಮಾತಿಲ್ಲದ, ಮಂಜಿನೊಳಗೆ ಎಳೆಎಳೆಯಾಗಿ ತೇಲುವ ದನಿ. ಅದನ್ನು ಕೇಳಿದಾಗ ನನಗೆ ನನ್ನ ಕಾಲಡಿಯ ನೆಲವೇ ಮರೆತುಹೋಗಿತ್ತು.

ಕೇಂದ್ರದ ನಿರ್ದೇಶಕ ಅಲ್ಗೊಟ್ ಮಾತ್ರ ಮುಖ ಸಿಂಡರಿಸಿದರು. "ಜನಕ್ಕೆ ಒಳ್ಳೇದನ್ನ ಕೊಡೋದು ನಮ್ಮ ಕೆಲಸ ಕಣಮ್ಮ. ಇದೇನು ಕೊಟ್ಟಿಗೇನಾ?"

"ಒಳ್ಳೇದು ಯಾವ್ದು ಅಂತ ಯಾರು ಹೇಳ್ಬೇಕು ಸಾರ್?"

"ಅದಕ್ಕೇ ಅಲ್ವಾ ನನ್ನ ಇಲ್ಲಿ ಕೂರ್ಸಿರೋದು!"

ಮರುದಿನ ಅವಳು ಟೇಪನ್ನು ಎದೆಗವಚಿಕೊಂಡು ಮೀನಿನ ದೋಣಿ ಹತ್ತಿ ಹಡಗಿಗೇ ಹೋದಳು. ಅಲ್ಲಿ ಹಾಡು ಆರಿಸುತ್ತಿದ್ದ ರೂನೊ ಎಂಬ ತರುಣ ಕಾಫಿ ಕೊಟ್ಟು, ಕಣ್ಣು ಮುಚ್ಚಿ ಕೇಳಿದ.

"ನಂಗೇನೋ ತುಂಬಾ ಇಷ್ಟ ಆಯ್ತು ಅಕ್ಕ. ಆದ್ರೆ ಸೋಪಿನೋರು ಒಪ್ಪಲ್ಲ. ಇದನ್ನ ಕೇಳ್ದೋರು ಹಿಂಗೇ ಕೂತ್ಬಿಡ್ತಾರೆ. ಆಮೇಲೆ ಬಟ್ಟೆ ಒಗಿಯೋರು ಯಾರು?"

ಇಬ್ಬರೂ ನಕ್ಕರು. ಹಿಂದಿರುಗುವಾಗ ದೋಣಿಯಲ್ಲಿ ಅವಳಿಗೆ ಅಳು ಬಂದಿತ್ತಂತೆ.

ಮುಂದೆ ಇಂಥ ಹಡಗು ಬಾನುಲಿಗಳನ್ನು ತಡೆಯುವ ಕಾನೂನು ಬಂದು ಹಡಗು ಹೊರಟುಹೋಯಿತು. ಆದರೆ ಜನರ ಕಿವಿ ಹಳೆಯ ರುಚಿಗೆ ಮರಳಲಿಲ್ಲ. ಕೊನೆಗೆ ನಮ್ಮವರೂ ದಿನವಿಡೀ ಲಘು ಸಂಗೀತ ಬಿತ್ತರಿಸತೊಡಗಿದರು. ಅಲ್ಗೊಟ್ ಅವರೇ ರೂನೊನನ್ನು ಕರೆಸಿ ಕೆಲಸ ಕೊಟ್ಟರು.

ನಡುಬೇಸಿಗೆಯ ಒಂದು ಮುಂಜಾನೆ ರೂನೊ ಹೇಳಿದ: "ಅಕ್ಕ, ಇವತ್ತು ಸೋಪಿನೋರೂ ಇಲ್ಲ, ಸಾಹೇಬ್ರೂ ರಜ. ಹಾಕೇಬಿಡೋಣ."

ಟೇಪ್ ತಿರುಗಿತು. ಬಂದರಿನಲ್ಲಿ ಬಲೆ ಬಿಡಿಸುತ್ತಿದ್ದವರ ಕೈ ನಿಂತಿತು. ಬಿಳಿ ಬೆಳಕು, ಬಿಳಿ ನೀರು, ನಡುವೆ ಆ ದನಿ. ಹಾಡು ಮುಗಿಯುತ್ತಲೇ ಫೋನ್ ಬಂತು. ಹೊಲದ ಮನೆಯ ಹೆಂಗಸೊಬ್ಬಳು.

"ಏನ್ರೀ ಮಾಡಿದ್ರಿ? ನಮ್ಮ ಹಸುಗಳೆಲ್ಲ ಅಡುಗೆಮನೆ ಕಿಟಕಿಗೆ ಮೂತಿ ಇಟ್ಕೊಂಡು ನಿಂತಿವೆ! ಇನ್ನೊಂದ್ಸಲ ಹಾಕಿ, ಕರುಗಳು ಕೇಳಿಲ್ಲ!"

ರಜೆ ಮುಗಿಸಿ ಬಂದ ಅಲ್ಗೊಟ್ ಬೈಯಲು ಬಾಯಿ ತೆರೆದವರು, ಈ ಹಸುಗಳ ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದು ನಕ್ಕರು. ಆಮೇಲೆ ಟೇಪನ್ನು ಪೂರ್ತಿ ಕೇಳಿ, "ವಾರಕ್ಕೊಮ್ಮೆ ಸಾಕಲ್ವಾ?" ಎಂದರು.

ಹಿಲ್ಲೆವಿ ನಿವೃತ್ತಿಯವರೆಗೂ ಊರೂರು ಅಲೆದು ದನಿಗಳನ್ನು ಕೂಡಿಸಿದಳು. ಒಮ್ಮೆ ಅವಳ ಜೊತೆ ನಾನೂ ಹೋಗಿದ್ದೆ. ದೋಣಿ ಕಟ್ಟುವ ಮುದುಕನೊಬ್ಬ ಹಾಡಲು ನಾಚಿ, ಮರಕ್ಕೆ ಕೀಸುಳಿ ಹಾಕುತ್ತಲೇ ಇದ್ದ. ಅವಳು ಅವಸರಿಸಲಿಲ್ಲ. ಹುಲ್ಲಿನ ಮೇಲೆ ಕೂತು, ಕೀಸುಳಿಯ ಸದ್ದನ್ನೇ ಟೇಪಿಗೆ ಹಿಡಿಯತೊಡಗಿದಳು.