ಬಾಗಿಲ ಮುಂದಿನ ಲಂಟಾನ

ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಓಡಾಡುವ ಹಾದಿಯ ಪಕ್ಕ, ಮೆಟ್ಟಿಲಿಂದ ಗೇಟಿನವರೆಗೆ, ಹನ್ನೊಂದು ಅಡಿ ಇಳಿಜಾರು. ಮಳೆ ಬಂದರೆ ಅಲ್ಲಿನ ಕೆಂಪು ಮಣ್ಣು ರಸ್ತೆಗೆ ಇಳಿಯುತ್ತಿತ್ತು. 2014ರ ಮೇ ತಿಂಗಳಲ್ಲಿ ಮೂರು ಸಲ ಇಳಿಯಿತು. ಮೂರನೆಯ ಸಲ ಅಪ್ಪ, "ಸಿಮೆಂಟ್ ಹಾಕಿಸಿಬಿಡ್ತೀನಿ," ಎಂದರು.

ನಾನು ಬೇಡ ಎಂದೆ. ಮನೆಯ ಸುತ್ತ ಉಳಿದಿದ್ದ ಮಣ್ಣು ಅದೊಂದೇ.

"ಹಾಗಾದ್ರೆ ದಸರಾ ಒಳಗೆ ಮಣ್ಣು ಕಾಣದ ಹಾಗೆ ಏನಾದ್ರೂ ಬೆಳೆಸು, ನೋಡೋಣ."

ಜೂನ್ 8ರಂದು ರಾಜಾನುಕುಂಟೆ ಕಡೆಯ ನರ್ಸರಿಯಿಂದ ಇಪ್ಪತ್ತನಾಲ್ಕು ಸಸಿ ತಂದೆ. ನೇರಳೆ ಹೂವಿನ, ನೆಲದ ಮೇಲೆ ಹರಡುವ ಲಂಟಾನ. ಮೊಣಕಾಲೆತ್ತರ ದಾಟುವುದಿಲ್ಲ, ವರ್ಷವಿಡೀ ಹಸಿರು. ಅಬ್ಬಿಗೆರೆಯಲ್ಲಿ ಹೊಲ ಮಾಡಿದ ಅಜ್ಜಿ, ಅಪ್ಪನ ತಾಯಿ, ಒಂದೆಲೆ ಹಿಸುಕಿ ಮೂಸಿದಳು.

"ಥೂ, ಲಂಟಾನ! ಒಲ್ದಾಗೆ ಇದ್ನ ಕಿತ್ತು ಕಿತ್ತು ನನ್ ಸೊಂಟ ಬಿದ್ದೋಯ್ತು. ನೀನು ತಂದು ಬಾಕ್ಲಾಗೆ ನೆಡ್ತೀಯೇನೇ?"

"ಇದು ಬೇರೆ ಜಾತಿ ಅಜ್ಜಿ."

"ನಾತ ಅದೇ ಅಲ್ವೇನೇ?"

ನೆಟ್ಟೆ. ಮೂರು ಸಾಲು, ಒಂದೂವರೆ ಅಡಿಗೊಂದು. ಕೊಂಬೆ ಉದ್ದವಾದಂತೆ ತಂತಿಯ ಕೊಕ್ಕೆಯಿಂದ ನೆಲಕ್ಕೆ ಒತ್ತಿಟ್ಟೆ. ಮಣ್ಣು ತಾಗಿದ ಗೆಣ್ಣು ಬೇರು ಬಿಡುತ್ತದೆ. ಜುಲೈ ಕೊನೆಗೆ ಸತ್ತದ್ದು ಮೂರು, ಉಳಿದದ್ದು ಇಪ್ಪತ್ತೊಂದು.

ಆಗಸ್ಟ್ 19ರಂದು ಕಾಲೇಜಿಂದ ಬಂದಾಗ ಆರು ಗಿಡ ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಮಲಗಿದ್ದವು, ಬೇರು ಬಿಸಿಲಿಗೆ. ಲಂಟಾನವನ್ನು ಹಾಗೆ ಮಲಗಿಸುವವರು ಹೊಲದವರು ಮಾತ್ರ. ಬೇರು ಮಣ್ಣಿಗೆ ತಾಗಿದರೆ ಮತ್ತೆ ಹಿಡಿದುಕೊಳ್ಳುತ್ತದೆ.

"ಕೈ ತಡೀಲಿಲ್ಲ ಕಣೇ," ಎಂದಳು ಅಜ್ಜಿ, ನಾಚಿಕೆಯೇನೂ ಇಲ್ಲದೆ.

ನಾನು ಅಳಲಿಲ್ಲ. ಆರನ್ನೂ ಗೇಣುದ್ದಕ್ಕೆ ಕತ್ತರಿಸಿದೆ. ಮೂವತ್ತೆರಡು ತುಂಡಾದವು. ಅವಳ ಕಣ್ಣೆದುರೇ ಅಷ್ಟನ್ನೂ ನೆಟ್ಟೆ.

"ನೀನು ಆರು ಕಿತ್ತೆ, ನಾನು ಮೂವತ್ತೆರಡು ನೆಟ್ಟೆ. ನಾಳೆನೂ ಕೀಳು."

"ಗಯ್ಯಾಳಿ," ಎಂದು ಅಜ್ಜಿ ಬಾಯಿಗೆ ಸೆರಗಿಟ್ಟು ನಕ್ಕಳು. ಆಮೇಲೆ ಕೀಳಲಿಲ್ಲ. ಮೂವತ್ತೆರಡರಲ್ಲಿ ಹತ್ತೊಂಬತ್ತು ಚಿಗುರಿದವು.

ಆಯುಧಪೂಜೆಗೆ ಮುಂಚಿನ ಭಾನುವಾರ ಅಪ್ಪ ಮೇಸ್ತ್ರಿಯನ್ನು ಕರೆಸಿಯೇಬಿಟ್ಟರು. ಇಳಿಜಾರು ಹಸಿರಾಗಿತ್ತು, ಗೇಟಿನ ಬಳಿಯ ಎರಡು ಅಡಿ ಬಿಟ್ಟು.

"ಮಣ್ಣು ಕಾಣ್ತಿದೆ," ಎಂದರು.

ಸುಳ್ಳಲ್ಲ. ಆದರೂ ಹೋಗಿ ಆ ಎರಡು ಅಡಿಯ ಮೇಲೆ ನಿಂತೆ. "ನನ್ನನ್ನ ಎತ್ತಿಟ್ಟು ಹಾಕ್ಸಿ."

ಮೇಸ್ತ್ರಿ ಟೇಪು ಹಿಡಿದು ಅಪ್ಪನ ಮುಖ ನೋಡಿದ. ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಬಾಯಿ ಹಾಕಿದಳು.

"ಲೋ, ಸಿಮೆಂಟ್ ಆಕ್ಬೇಕಾದ್ರೆ ಮೊದ್ಲು ಅಷ್ಟನ್ನೂ ಬೇರ್ ಸಮೇತ ಕೀಳ್ಬೇಕು. ನಾನು ನಲ್ವತ್ ವರ್ಸ ಕಿತ್ತಿವ್ನಿ, ಮುಗೀಲಿಲ್ಲ. ನೀನ್ ಒಂದಿನ್ದಾಗೆ ಕೀಳ್ತೀಯಾ?"

ಮೇಸ್ತ್ರಿ ನಕ್ಕ. ಅಪ್ಪ ನಗಲಿಲ್ಲ. "ಸಂಕ್ರಾಂತಿವರೆಗೆ ಟೈಮ್ ಕೊಡ್ತೀನಿ," ಎಂದರು.

"ಕೊಡೋದೇನೂ ಬೇಡ. ಸಂಕ್ರಾಂತಿ ಆದ್ಮೇಲೂ ಹಾಕ್ಸಕ್ಕೆ ಬಿಡಲ್ಲ," ಎಂದೆ. ಮೇಸ್ತ್ರಿಯ ಸ್ಕೂಟರ್ ತಿರುವು ದಾಟುವವರೆಗೂ ಕಾಲು ಕದಲಿಸಲಿಲ್ಲ.