ಆಬರ್ನ್ ಹಿಲ್ಸ್ ದಾರಿಯಲ್ಲಿ ಕಲಿತ ಫುಟ್‌ಬಾಲ್ ಚರಿತ್ರೆ

ಎದ್ದು ಚಪಾತಿ ಲಟ್ಟಿಸಿದೆ. ಇವರ ಬಿಳಿ ಶರಟಿಗೆ ಇಸ್ತ್ರಿ ಹಾಕಿದೆ. ಮಗಳು ಇಂದು ಬರುವುದಿಲ್ಲವೆಂದು ಶಾಲೆಯ ವಾಯ್ಸ್‌ಮೇಲಿನಲ್ಲಿ ಹೇಳಿಟ್ಟೆ. ರೈಸ್ ಕುಕ್ಕರನ್ನು ಟವೆಲಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟೆ, ಕಾರಿನ ಗಾಜಿನ ಮೇಲಿನ ಮಂಜು ಕೆರೆದೆ. ನಾವಿದ್ದ ವುಡ್‌ರಿಡ್ಜ್ ಬಿಟ್ಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮುಂದೆ ಮುನ್ನೂರು ಮೈಲಿ ಹತ್ತಿರ ದಾರಿ.

ಸಂಕ್ರಾಂತಿ ಮುಗಿಯುತ್ತಿದ್ದಂತೆ ಶಾಮ್‌ಬರ್ಗ್‌ನ ಕಂಪನಿ ರಿಸೆಷನ್ ಎಂದು ಇವರನ್ನು ಕೆಲಸದಿಂದ ತೆಗೆದಿತ್ತು. ವೀಸಾದ ಚಿಂತೆ ಬೇರೆ. ಮಿಶಿಗನ್‌ನ ಆಬರ್ನ್ ಹಿಲ್ಸ್‌ನಲ್ಲಿದ್ದ ಈ ಇಂಟರ್‌ವ್ಯೂ ಕೈಕೊಟ್ಟರೆ ಮನೆ ಖಾಲಿ ಮಾಡಿ ಮೈಸೂರಿಗೆ ಹೊರಡುವುದೆಂದು ಇಬ್ಬರೂ ತೀರ್ಮಾನಿಸಿದ್ದೆವು.

ಅಲ್ಲಿನ ಮ್ಯಾನೇಜರ್ ಜ್ಯೂರಿಕ್‌ನವರು, ಫುಟ್‌ಬಾಲ್ ಹುಚ್ಚಿನವರು. ಕಂಪನಿಯ ವೆಬ್‌ಸೈಟಿನ ಫೋಟೋದಲ್ಲೂ ಅವರ ಕೊರಳಲ್ಲಿ ನೀಲಿ-ಬಿಳಿ ಸ್ಕಾರ್ಫ್. ಸರಿ, ಇವರು ಲೈಬ್ರರಿಯಲ್ಲಿ ಜ್ಯೂರಿಕ್‌ನ ನೀಲಿ-ಬಿಳಿ ಕ್ಲಬ್ಬಿನ ಚರಿತ್ರೆಯನ್ನು ಪ್ರಿಂಟ್ ತೆಗೆದು, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಾಗೆ ಬಾಯಿಪಾಠ ಮಾಡಿದ್ದರು. ಗ್ಯಾರಿ ದಾಟುತ್ತಿದ್ದಂತೆ ನಾನು ಪ್ರಶ್ನೆ ಶುರು ಮಾಡಿದೆ.

"ಕ್ಲಬ್ ಕಟ್ಟಿದ್ದು ಯಾರ್ರೀ?"

"ಒಬ್ಬ ಇಂಗ್ಲಿಷ್ ಸ್ಟೂಡೆಂಟು."

"ಆಮೇಲೆ?"

"ದೇಶಕ್ಕೇ ಮೊದಲ ಚಾಂಪಿಯನ್. ಇವತ್ತಿಗೂ ಅವರಷ್ಟು ಸಲ ಯಾರೂ ಗೆದ್ದಿಲ್ಲ."

ಮಿಶಿಗನ್ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಸರೋವರದ ಕಡೆಯಿಂದ ಹಿಮ ಬೀಸಿ ಟ್ರಕ್ಕುಗಳೆಲ್ಲ ತೆವಳುತ್ತಿದ್ದವು. ಕಲಮಜೂ ಹತ್ತಿರದ ರೆಸ್ಟ್ ಏರಿಯಾದಲ್ಲಿ ಕಾರಿನಲ್ಲೇ ಕೂತು ಚಪಾತಿ, ಚಟ್ನಿಪುಡಿ ತಿಂದೆವು. ಹಿಂದಿನ ಸೀಟಿನಲ್ಲಿ ಮಗಳು ಅನಘಾ ಆ ಪ್ರಿಂಟುಗಳನ್ನೂ ಜೊತೆಗಿದ್ದ ಮ್ಯಾನೇಜರ ಫೋಟೋವನ್ನೂ ಮಗುಚಿ ನೋಡುತ್ತಿದ್ದಳು.

"ಅಪ್ಪಾ, ದಿ ಬ್ಯಾಡ್ಜ್ ಆನ್ ಹಿಸ್ ಸ್ಕಾರ್ಫ್ ಈಸ್ ಡಿಫರೆಂಟ್. ಯು ಸ್ಟಡೀಡ್ ದಿ ರೈವಲ್ಸ್!"

ನೋಡಿದರೆ ನಿಜ. ಆ ಊರಿನಲ್ಲಿ ಬದ್ಧವೈರಿಗಳಾದ ಎರಡು ಕ್ಲಬ್, ಎರಡಕ್ಕೂ ನೀಲಿ-ಬಿಳಿಯೇ ಬಣ್ಣ. ಇವರು ಹೆಚ್ಚು ಗೆದ್ದದ್ದನ್ನು ಆರಿಸಿಕೊಂಡಿದ್ದರು.

"ಸಿಲಬಸ್ಸೇ ಬೇರೆ ಆಯ್ತಲ್ಲೇ, ಸುಮಾ!" ಇವರ ಕೈಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು.

"ಆಗಲಿ ಬಿಡಿ. ಅವರಿಗೆ ಬೇಕಿರೋದು ಕಾರಿನ ಬ್ರೇಕ್ ಸಾಫ್ಟ್‌ವೇರ್ ಗೊತ್ತಿರೋರು. ನೀವು ಇಷ್ಟು ವರ್ಷ ಮಾಡಿದ್ದು ಅದನ್ನೇ ತಾನೆ? ರೆಸ್ಯೂಮೆ ಕೊಡಿ ಇಲ್ಲಿ, ಅದರಲ್ಲೇ ಕೇಳ್ತೀನಿ."

ಅರ್ಥವಾಗಲಿ ಬಿಡಲಿ, ಒಂದೊಂದು ಸಾಲೂ ಓದಿ "ಇದೇನು? ಯಾಕೆ ಹೀಗೆ ಮಾಡಿದ್ರಿ?" ಎಂದು ಕೊನೆಯ ಎಕ್ಸಿಟ್‌ವರೆಗೂ ಬಿಡದೆ ಕೇಳಿದೆ. ಇವರೂ ಬಿಡದೆ ಉತ್ತರಿಸಿದರು.

ಇಂಟರ್‌ವ್ಯೂಗೆ ಆಫೀಸಿನ ಒಳಗೆ ಹೋದವರು ಹೊರಬಂದಾಗ ಸಂಜೆಯಾಗಿತ್ತು.

"ಫುಟ್‌ಬಾಲ್ ಕೇಳಿದ್ರಾ?"

"ಇಲ್ಲ, ಬರೀ ಬ್ರೇಕು. ಕೊನೇಲಿ ನಾನೇ ಹೇಳಿಬಿಟ್ಟೆ, ನಿಮಗೋಸ್ಕರ ನಿಮ್ಮ ವೈರಿಗಳ ಚರಿತ್ರೆ ಬಾಯಿಪಾಠ ಮಾಡ್ಕೊಂಡು ಬಂದಿದೀನಿ ಅಂತ."

"ಅಯ್ಯೋ! ಅದಕ್ಕೆ?"

"ಬಿದ್ದು ಬಿದ್ದು ನಕ್ಕರು. ಆ ವೈರಿಗಳು ಎಷ್ಟು ಸಲ ಗೆದ್ದರು ಅಂತ ಮಾತ್ರ ಈ ಆಫೀಸಲ್ಲಿ ಬಾಯಿ ಬಿಡಬೇಡ ಅಂದರು. ಸೋಮವಾರದಿಂದ ಬರಬೇಕಂತೆ. ಆರು ತಿಂಗಳ ಕಾಂಟ್ರಾಕ್ಟ್."

ಅನಘಾಳ ಈ ವರ್ಷದ ಶಾಲೆ ಮುಗಿಯುವವರೆಗೆ ನಾನೂ ಅವಳೂ ವುಡ್‌ರಿಡ್ಜ್‌ನಲ್ಲಿ, ಇವರು ಇಲ್ಲಿ ಎಂದಾಯಿತು.

"ಶುಕ್ರವಾರ ಶುಕ್ರವಾರ ಡ್ರೈವ್ ಮಾಡ್ಕೊಂಡು ಬರ್ತೀನಿ," ಎಂದರು.

"ಬನ್ನಿ. ವಾರಕ್ಕಾಗುವಷ್ಟು ಪಲ್ಯ, ಗೊಜ್ಜು ಕಟ್ಟಿ ಕಳಿಸ್ತೀನಿ," ಎಂದೆ.

ಆ ರಾತ್ರಿ ಉಳಿದ ಮೋಟೆಲಿನಲ್ಲಿ ಬಿಸಿ ಅನ್ನ, ಟೊಮೇಟೊ ಸಾರು, ಮೈಕ್ರೋವೇವಿನಲ್ಲಿ ಸುಟ್ಟ ಹಪ್ಪಳ ಉಂಡೆವು. ಅನಘಾ ಟಿವಿ ನೋಡುತ್ತಿದ್ದಳು. ನಾನು ಕುಕ್ಕರ್ ತೊಳೆದು ಬರುವಷ್ಟರಲ್ಲಿ, ಕೆಲಸ ಹೋದಂದಿನಿಂದ ಎಲ್ಲರಿಗಿಂತ ಕೊನೆಗೆ ಕಣ್ಣು ಮುಚ್ಚುತ್ತಿದ್ದ ಇವರು, ಟೈ ಕೂಡ ಬಿಚ್ಚದೆ ಮೊದಲು ನಿದ್ದೆ ಹೋಗಿದ್ದರು.