ಹುಣಿಸೆಹಣ್ಣಿಲ್ಲದ ಸುವರ್ಣಗಡ್ಡೆ ತಿಂದ ದುರ್ಯೋಧನ

ಬಂಧುಗಳೇ, ಮಿತ್ರರೇ! ಇವತ್ತು ವಿಜಯನಗರದ ನಮ್ಮ ಮನೆಯಲ್ಲಿ ದುರ್ಯೋಧನನ ಗಂಟಲೇ ಹೋಗುವುದರಲ್ಲಿತ್ತು. ಆ ದುರ್ಯೋಧನ ನಾನೇ. ಸಂಜೆ ಅತ್ತಿಗುಪ್ಪೆಯ ಗಣೇಶನ ಪೆಂಡಾಲಿನಲ್ಲಿ ನಾಟಕ. ಮಧ್ಯಾಹ್ನ ಎರಡು ತುತ್ತು ಸುವರ್ಣಗಡ್ಡೆ ಪಲ್ಯ ತಿಂದದ್ದೇ ತಡ, ಗಂಟಲಲ್ಲಿ ಸಾವಿರ ಸೂಜಿ!

ಮಹಡಿಯ ಮೇಲೆ ಟಿವಿ ಆಂಟೆನಾ ತಿರುಗಿಸುತ್ತಿದ್ದ ನಮ್ಮ ಬಾಡಿಗೆದಾರ ಕೆಮಿಸ್ಟ್ರಿ ಮೇಷ್ಟ್ರು ನನ್ನ ಕಿರುಚಾಟ ಕೇಳಿ ಓಡಿಬಂದರು.

"ಕ್ಯಾಲ್ಸಿಯಂ ಆಕ್ಸಲೇಟ್ ಸಾರ್! ಆಕ್ಸಾಲಿಕ್ ಆಸಿಡ್ಡಿನ ಉಪ್ಪು. ಗಡ್ಡೇಲಿ ಸೂಜಿ ಥರಾನೇ ಹರಳಾಗಿರುತ್ತೆ. ಹುಣಿಸೆಹಣ್ಣು ಹಾಕಿ ಬೇಯಿಸ್ಲಿಲ್ವಾ?"

ನಾನು ಹೆಂಡತಿಯತ್ತ ತಿರುಗಿ ಗುಡುಗಿದೆ: "ಯಾಕೆ ಹಾಕಲಿಲ್ಲ?"

"ರೀ, ನಾಟಕದ ದಿನ ಹುಳಿ ತಿಂದ್ರೆ ಕಂಠ ಕೆಡುತ್ತೆ, ಹುಣಿಸೆಹಣ್ಣು ಕಣ್ಣಿಗೇ ಬೀಳಕೂಡದು ಅಂತ ಬೆಳಿಗ್ಗೆ ಕೂಗಾಡಿದ್ದು ಯಾರು?"

ಚಕ್ರವರ್ತಿಗಳು ತೆಪ್ಪಗೆ ಒಂದು ಲೋಟ ಹುಣಿಸೆ ನೀರು ಕುಡಿದರು. ಉರಿ ತಗ್ಗಿತು, ತುರಿಕೆ ಪೂರ್ತಿ ಬಿಡಲಿಲ್ಲ.

ಸಂಜೆ ಭೀಮ ತೊಡೆಗೆ ಗದೆ ಬೀಸಿದ. ನಾನು ಗಂಟಲು ಹಿಡಿದುಕೊಂಡು, ಕಣ್ಣೀರು ಸುರಿಸುತ್ತ ಉರುಳಿದೆ. "ಒನ್ಸ್ ಮೋರ್!" ಎಂದು ಇಡೀ ಪೆಂಡಾಲು ಕೂಗಿತು. ಇನ್ನೊಮ್ಮೆ ಸತ್ತೆ. ತೊಡೆ ಮುರಿದವನು ಗಂಟಲೇಕೆ ಹಿಡಿದುಕೊಂಡ ಎಂದು ಒಬ್ಬರೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.